ಬಕಲ್ ಸರಿಯಾಗಿ ಲಾಕ್ ಆಗದ ಕಡೆ ಮಗುವಿನ ಸೀಟು ಕಟ್ಟಬಹುದಾ?

ಸೆಕೆಂಡ್ ಹ್ಯಾಂಡ್ ಕಾರಿನ ಹಿಂದಿನ ಬೆಲ್ಟ್ ನಿಧಾನವಾಗಿ ಒಳಗೆ ಹೋಗುತ್ತದೆ, ಬಕಲ್ ಒಮ್ಮೊಮ್ಮೆ ಕ್ಲಿಕ್ ಅನ್ನುವುದಿಲ್ಲ, ಎರಡು ವರ್ಷದ ಮಗುವಿನ ಸೀಟನ್ನು ಅದರಲ್ಲೇ ಕಟ್ಟಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬಕಲ್ ಸರಿಯಾಗುವ ತನಕ ಆ ಬೆಲ್ಟ್ ನಂಬಿ ಆ ಜಾಗದಲ್ಲಿ ಯಾರೂ ಕೂರುವುದೇ ಬೇಡ. ಹಿಂದೆ ಇನ್ನೊಂದು ಬೆಲ್ಟ್ ಚೆನ್ನಾಗಿದ್ದರೆ ಮಗುವಿನ ಸೀಟು ಅಲ್ಲಿಗೆ ಹೋಗಲಿ.

ಗ್ಯಾರೇಜಿನಲ್ಲಿ ಬೆಲ್ಟ್, ಏರ್‌ಬ್ಯಾಗ್ ನೋಡಿಕೊಳ್ಳುವುದೇ ನನ್ನ ಕೆಲಸ. ಬೆಲ್ಟ್ ನಿಧಾನವಾಗಿ ಸುತ್ತಿಕೊಳ್ಳುವುದಕ್ಕೆ ಹೆಚ್ಚಿನ ಸಲ ಕೊಳೆಯೇ ಕಾರಣ. ಪೂರ್ತಿ ಹೊರಗೆಳೆದು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ ಒಳಗೆ ಬಿಡಿ. ಬ್ಲೀಚ್ ಹಾಕಿದರೆ ನೂಲಿನ ಬಲ ಹೋಗುತ್ತದೆ. ಒರೆಸುವಾಗ ಅಂಚನ್ನೂ ನೋಡಿ. ನೂಲು ಎದ್ದಿದ್ದರೆ ಬೆಲ್ಟನ್ನೇ ಬದಲಾಯಿಸಬೇಕು, ಹೊಲಿಗೆ ಹಾಕಿಸಿದರೆ ಆಗುವುದಿಲ್ಲ.

ನನಗೆ ನಿಜವಾಗಿ ಭಯ ಬಕಲಿನದು. ಬೆಲ್ಟಿನ ಲೋಹದ ತುದಿ ಅರ್ಧ ಮಾತ್ರ ಕಚ್ಚಿಕೊಂಡಿದ್ದರೂ ನೋಡಲು ಸರಿಯಾಗಿಯೇ ಕಾಣುತ್ತದೆ. ಜೋರಾಗಿ ಜಗ್ಗಿದರೆ ಹಾಗೇ ಕೈಗೆ ಬಂದುಬಿಡುತ್ತದೆ. ಮಕ್ಕಳು ಕೂರುವ ಕಾರುಗಳ ಬಕಲಿನೊಳಗೆ ಟಾರ್ಚ್ ಬಿಟ್ಟರೆ ಬಿಸ್ಕತ್ತಿನ ಪುಡಿ, ಒಣಗಿದ ಜ್ಯೂಸು, ಕೆಲವೊಮ್ಮೆ ನಾಣ್ಯ ಕಾಣುತ್ತದೆ. ಕೆಲವು ಸಲ ಬಕಲಿನ ಭಾಗಗಳೇ ಹಳತಾಗಿರುತ್ತವೆ. 1995ರಲ್ಲಿ ಅಮೆರಿಕದಲ್ಲಿ ಟಕಾಟಾ ಕಂಪನಿಯ ಬೆಲ್ಟ್ ಇದ್ದ 80 ಲಕ್ಷಕ್ಕೂ ಜಾಸ್ತಿ ವಾಹನಗಳ ರೀಕಾಲ್ (ದೋಷ ಸರಿಪಡಿಸಲು ವಾಪಸ್ ಕರೆಸುವುದು) ಆಗಿದ್ದು ಇದಕ್ಕೇ: ಬಟನ್ನಿನ ಪ್ಲಾಸ್ಟಿಕ್ ಪುಡಿಯಾಗಿ ಚೂರುಗಳು ಒಳಗೆ ಸೇರುತ್ತಿದ್ದವು. ಎಣ್ಣೆ ಬಿಟ್ಟು ನೋಡೋಣ ಅಂತ ಮಾತ್ರ ಹೋಗಬೇಡಿ, ಎಣ್ಣೆಗೆ ಇನ್ನಷ್ಟು ಧೂಳು ಅಂಟುತ್ತದೆ. ಕಸ ತೆಗೆದ ಮೇಲೂ ಒಂದೇ ಒಂದು ಸಲ ಕ್ಲಿಕ್ ತಪ್ಪಿದರೆ ಹೊಸ ಬಕಲ್ ಹಾಕಿಸಿ.

ಕಾರು ಹಿಂದೆ ಎಲ್ಲಾದರೂ ಜೋರಾಗಿ ಗುದ್ದಿತ್ತಾ ಅಂತಲೂ ವಿಚಾರಿಸಿ. ಅಪಘಾತದಲ್ಲಿ ಒಮ್ಮೆ ಭಾರ ತಡೆದ ಬೆಲ್ಟ್ ಹಿಗ್ಗಿರುತ್ತದೆ. ಬೆಲ್ಟನ್ನು ಬಿಗಿಗೊಳಿಸುವ ಪ್ರೀಟೆನ್ಷನರ್ ಒಂದೇ ಸಲ ಸಿಡಿಯುವಂಥದ್ದು, ಆಮೇಲೆ ಹೊಸದೇ ಬೇಕು. ಅದರೊಳಗೆ ಸಿಡಿಮದ್ದು ಇರುತ್ತದೆ, ಮನೆಯಲ್ಲಿ ಬಿಚ್ಚಬೇಡಿ.

ಇನ್ನು ಮಗುವಿನ ಸೀಟು. ಬೆಲ್ಟ್ ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಅಲ್ಲಾಡಿಸಿ. 2.5 ಸೆಂಟಿಮೀಟರಿಗಿಂತ ಜಾಸ್ತಿ ಸರಿದರೆ ಸಡಿಲ ಅಂತಲೇ ಅರ್ಥ. ಸೀಟನ್ನು ಕೈಯಿಂದ ಒತ್ತಿ ಹಿಡಿದುಕೊಂಡು ಬೆಲ್ಟ್ ಎಳೆದರೆ ಬಿಗಿಯಾಗುತ್ತದೆ. ಮಗುವಿನ ಭುಜದ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಗಬಾರದು. ದಪ್ಪ ಜಾಕೆಟ್ ಹಾಕಿ ಕೂರಿಸಬೇಡಿ, ಡಿಕ್ಕಿಯಾದಾಗ ಜಾಕೆಟ್ ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತದೆ. ಸೀಟಿನ ತೂಕ, ಎತ್ತರದ ಮಿತಿ ಇನ್ನೂ ದಾಟಿಲ್ಲದಿದ್ದರೆ ಮಗು ಹಿಂದಕ್ಕೆ ಮುಖ ಮಾಡಿ ಕೂರುವುದೇ ಒಳ್ಳೆಯದು. ಆದರೆ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಾಗೆ ಕೂರಿಸಲೇಬಾರದು.

ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿ ನೋಡಿ. ಐಸೋಫಿಕ್ಸ್ ಕೊಂಡಿ, ಅಂದರೆ ಮಗುವಿನ ಸೀಟನ್ನು ಬೆಲ್ಟ್ ಇಲ್ಲದೆ ನೇರವಾಗಿ ಕಾರಿಗೆ ಸಿಕ್ಕಿಸುವ ಲೋಹದ ಕೊಂಡಿ, ಸಿಕ್ಕಿದರೆ, ಮಗುವಿನ ಸೀಟೂ ಅದಕ್ಕೆ ಒಗ್ಗುವಂಥದ್ದಾಗಿದ್ದರೆ, ಈ ಬೆಲ್ಟಿನ ಮೇಲೆ ಅವಲಂಬನೆಯೇ ಬೇಕಾಗಿಲ್ಲ. ಮಗುವಿನ ಸೀಟಿನ ಮೇಲ್ಭಾಗದಲ್ಲಿ ಅದು ಮುಂದಕ್ಕೆ ವಾಲದಂತೆ ಹಿಡಿಯುವ ಟೆದರ್ ಪಟ್ಟಿ ಇದ್ದರೆ ಅದನ್ನೂ ಕಾರಿನ ಕೊಂಡಿಗೆ ಸಿಕ್ಕಿಸಿ ಬಿಗಿಯಿರಿ. ತುಂಬಾ ಜನ ಅದನ್ನು ಸುಮ್ನೆ ಮಡಚಿ ಹಿಂದೆ ತುರುಕಿರುತ್ತಾರೆ.