ಗೇಟು ತೆರೆದಿದೆ, ಮಣ್ಣಿನ ರಾಶಿ ಹಾಗೇ ಇದೆ

ಕಾಸರಗೋಡಿನ ಮುಳ್ಳೇರಿಯ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "2009ರಲ್ಲಿ ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಜೊತೆ ವ್ಯಾಪಾರ ಒಪ್ಪಂದ ಬೇಡವೇ ಬೇಡ ಅಂತ ಬರೆದಿರಿ. ಈಗ ಬ್ರಿಟನ್ ಜೊತೆ ಒಪ್ಪಂದ ಆದರೂ ಸುಮ್ನೆ ಕೂತಿದ್ದೀರಿ. ಶ್ರೀಮಂತ ದೇಶ ಅಂದ ಕೂಡಲೇ ಮೆತ್ತಗಾದಿರಾ? ನಮ್ಮ ಒಳ್ಳೆಮೆಣಸಿಗೆ ಇದರಿಂದ ಏನು ಬಂತು? ಕಡೇಪಕ್ಷ ಸ್ಕಾಚ್ ಆದರೂ ಅಗ್ಗ ಆಗುತ್ತಾ?"

ಸಂಪಾದಕರ ಉತ್ತರ:

ಬೈದದ್ದು ಸರಿ ಸ್ವಾಮಿ. ಆದರೆ ಮೆತ್ತಗಾದದ್ದಲ್ಲ, 2009ರಲ್ಲಿ ಬರೆದದ್ದನ್ನು ಮತ್ತೆ ಓದಿ ಸ್ವಲ್ಪ ನಾಚಿಕೆಯಾಗಿದೆ. ಆ ವರ್ಷ ಅಕ್ಟೋಬರ್ 2ರಂದು ಎಡರಂಗದವರು ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ಮಾಡಿದರಲ್ಲ, ಪಕ್ಷದವನಲ್ಲದಿದ್ದರೂ ನಾನೂ ಹೋಗಿ ನಿಂತಿದ್ದೆ. ಪಕ್ಕದವರ ಅಂಗೈ ಅಡಿಕೆ ಸುಲಿದು ಸುಲಿದು ತೊಗಟೆಯ ಹಾಗೆ ಗಡುಸಾಗಿತ್ತು, ಇನ್ನೂ ನೆನಪಿದೆ. ಮೆಣಸಿನ ಸುಂಕ ಪೂರ್ತಿ ಹೋಗುತ್ತದೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಪಟ್ಟಿ ತೆಗೆದು ನೋಡಿದರೆ 70ರಿಂದ 50 ಶೇಕಡಾಕ್ಕೆ, ಅದೂ ಹತ್ತು ವರ್ಷದಲ್ಲಿ, 2019ರ ಕೊನೆಗೆ.

ಹೊಡೆತ ಬಿದ್ದದ್ದು ಬೇರೆ ಬಾಗಿಲಿನಿಂದ. ಶ್ರೀಲಂಕಾ ಜೊತೆಗಿನ ಒಪ್ಪಂದ 2000ದಿಂದಲೇ ಜಾರಿಯಲ್ಲಿತ್ತು, ಅಲ್ಲಿಂದ ಮೆಣಸು ಸುಂಕವಿಲ್ಲದೆ ಬರಬಹುದಿತ್ತು. ವಿಯೆಟ್ನಾಮಿನ ಮೆಣಸು ಲಂಕೆಯಲ್ಲೇ ಬೆಳೆದದ್ದು ಅನ್ನುವ ಸರ್ಟಿಫಿಕೇಟ್ ಹಿಡಿದು ಬರುತ್ತಿದೆ ಅಂತ ಬೆಳೆಗಾರರು ವರ್ಷಗಟ್ಟಲೆ ಕೂಗಿದರು. ಕೊನೆಗೆ 2017ರ ಡಿಸೆಂಬರಿನಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು, ಅದಕ್ಕಿಂತ ಅಗ್ಗದ ಮೆಣಸು ಒಳಗೆ ಬರಬಾರದು ಅಂತ. 2020ರಲ್ಲಿ ಕಸ್ಟಮ್ಸ್ ನಿಯಮವೂ ಬಿಗಿಯಾಯಿತು, ಮಾಲು ಎಲ್ಲಿ ಬೆಳೆದದ್ದು ಅಂತ ತರಿಸಿಕೊಳ್ಳುವವನೇ ದಾಖಲೆ ಇಟ್ಟುಕೊಳ್ಳಬೇಕು. ನಾವು ಸುಂಕದ ಅಂಕಿಯನ್ನೇ ನೋಡುತ್ತಾ ಕೂತಿದ್ದೆವು, ಒಂದು ತುಂಡು ಕಾಗದ ನಮ್ಮನ್ನು ದಾಟಿ ಹೋಯಿತು.

ಈಗ ಬ್ರಿಟನ್. ಒಪ್ಪಂದಕ್ಕೆ ಸಹಿ ಬಿದ್ದದ್ದು 2025ರ ಜುಲೈ 24ರಂದು. ನಮ್ಮ 99 ಶೇಕಡಾ ಬಗೆಯ ಸರಕಿಗೆ ಅವರು ಸುಂಕ ತೆಗೆಯುತ್ತಾರೆ. ತಿರುಪ್ಪೂರಿನ ಬನಿಯನ್ನಿನವರಿಗೆ ಇದು ನಿಜವಾಗಿ ಒಳ್ಳೆಯದು, ಬಾಂಗ್ಲಾದೇಶದ ಬಟ್ಟೆ ಅಲ್ಲಿಗೆ ಮೊದಲಿಂದಲೂ ಸುಂಕವಿಲ್ಲದೆ ಹೋಗುತ್ತಿತ್ತು. ನಿಮ್ಮ ಮೆಣಸಿಗೆ? ಇಡೀ ಕಾಳಿಗೆ ಅಲ್ಲಿ ಮೊದಲೂ ಸುಂಕ ಇರಲಿಲ್ಲ. ಇಲ್ಲದ್ದನ್ನು ತೆಗೆಯುವುದು ಹೇಗೆ?

2020ರ ಮಾರ್ಚ್ ನೆನಪಿದೆಯಲ್ಲ? ಕೊರೊನಾ ಹೆದರಿಕೆಗೆ ಕರ್ನಾಟಕದವರು ತಲಪಾಡಿಯಲ್ಲಿ ಗೇಟು ಮುಚ್ಚಿದ್ದು ಮಾತ್ರವಲ್ಲ, ಗಡಿಯ ಒಳರಸ್ತೆಗಳಿಗೆಲ್ಲ ಲಾರಿಗಟ್ಟಲೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿಕೊಂಡ ನಾವು ಆ ರಾಶಿಯ ಈಚೆ ನಿಂತೆವು. ಮೆಣಸಿನ ಕಥೆಯೂ ಅದೇ. ಗೇಟು ಎಂದೋ ತೆರೆದಿದೆ, ಅಲ್ಲಿನವರು ಕೇಳುವ, ಕೀಟನಾಶಕದ ಉಳಿಕೆ ಎಷ್ಟಿದೆ ಅನ್ನುವ ಲ್ಯಾಬ್ ರಿಪೋರ್ಟ್ ರಸ್ತೆಯಲ್ಲಿ ಮಣ್ಣಿನ ರಾಶಿಯಾಗಿ ಕೂತಿದೆ. ಎಂಡೋಸಲ್ಫಾನ್ ಕಂಡ ಊರಿನವನಾಗಿ ಆ ಪರೀಕ್ಷೆಯೇ ಬೇಡ ಅನ್ನಲು ನನ್ನ ಬಾಯಿ ಬರುವುದಿಲ್ಲ. ಆದರೆ ಅದರ ಖರ್ಚನ್ನು ಎರಡು ಕ್ವಿಂಟಾಲ್ ಮೆಣಸು ಬೆಳೆಯುವವನು ಹೊರಲಾರ, ಹೊರುವವನು ದೊಡ್ಡ ವ್ಯಾಪಾರಿ.

ಆದರೂ ನನಗೆ ಜಾಸ್ತಿ ಹೆದರಿಕೆ ಇರುವುದು ಮೆಣಸಿನದ್ದಲ್ಲ, ಮಾತ್ರೆಯದ್ದು. 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧಿಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಆಗುತ್ತಿತ್ತು. ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಲೈಸೆನ್ಸ್ ಕೊಟ್ಟಿತು, ಅಂದರೆ ಪೇಟೆಂಟ್ ಇದ್ದವರು ಒಪ್ಪದಿದ್ದರೂ ಅದೇ ಔಷಧಿ ತಯಾರಿಸಲು ಅನುಮತಿ, ಬೆಲೆ 9 ಸಾವಿರದ ಒಳಗೆ ಬಂತು. ಆ ತೀರ್ಪಿಗೆ ಆಧಾರ ಕೊಟ್ಟದ್ದರಲ್ಲಿ ಫಾರ್ಮ್ 27 ಅನ್ನುವ ಸಪ್ಪೆ ಕಾಗದವೂ ಒಂದು. ಪೇಟೆಂಟ್ ಇರುವ ಔಷಧಿಯನ್ನು ಇಲ್ಲಿ ಎಷ್ಟು ಮಾರಿದಿರಿ ಅಂತ ಕಂಪನಿ ಪ್ರತಿವರ್ಷ ಬರೆದು ಕೊಡಬೇಕಿತ್ತು. 2024ರ ಮಾರ್ಚ್ 10ರಂದು ಸ್ವಿಟ್ಜರ್ಲೆಂಡ್, ನಾರ್ವೆಗಳಿರುವ ಎಫ್ಟಾ ಗುಂಪಿನ ಜೊತೆ ವ್ಯಾಪಾರ ಒಪ್ಪಂದಕ್ಕೆ ನಮ್ಮ ಸಹಿ ಆಯಿತು. ಐದೇ ದಿನದಲ್ಲಿ ಬಂದ ಹೊಸ ನಿಯಮದಲ್ಲಿ ಆ ಕಾಗದ ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು ಅಂತಾಯಿತು. ಬ್ರಿಟನ್ ಒಪ್ಪಂದದಲ್ಲಂತೂ ಔಷಧಿ ಜನಕ್ಕೆ ಸಿಗಲು ಕಂಪನಿಗಳು ತಾವಾಗಿ ಕೊಡುವ ಲೈಸೆನ್ಸೇ ಉತ್ತಮ ದಾರಿ ಅಂತ ಬರೆದಿದೆ. ಕಡ್ಡಾಯ ಲೈಸೆನ್ಸ್ ರದ್ದಾಗಿಲ್ಲ, ನಿಜ. ಆದರೆ ಇಂಥ ವಾಕ್ಯಕ್ಕೆ ಸಹಿ ಹಾಕಿದ ಮೇಲೆ ಇನ್ನೊಂದು ಸಲ ಅಂಥ ಲೈಸೆನ್ಸ್ ಕೊಡಲು ನಮ್ಮ ಅಧಿಕಾರಿಯ ಕೈ ಎಷ್ಟು ಸಲೀಸಾಗಿ ಏಳುತ್ತದೆ, ನೀವೇ ಯೋಚಿಸಿ. ಸುಂಕದ ಅಂಕಿ ಪೇಪರಿನ ಮುಖಪುಟಕ್ಕೆ ಬಂತು, ಈ ವಾಕ್ಯ ಬರಲಿಲ್ಲ ಅಲ್ವಾ?

ಇದನ್ನೆಲ್ಲ ಓದಿ ಮುಗಿಸಲು ನನಗೆ ವಾರಗಟ್ಟಲೆ ಬೇಕಾಯಿತು, ಬಾಯಿ ಮುಚ್ಚಿದ್ದು ಅದಕ್ಕೇ.

ಇನ್ನು ಸ್ಕಾಚ್. ಆಮದು ಸುಂಕ 150ರಿಂದ ಮೊದಲು 75ಕ್ಕೆ, ಹತ್ತನೇ ವರ್ಷಕ್ಕೆ 40ಕ್ಕೆ. ಕೇರಳ ಸರ್ಕಾರ ಬಾಟಲಿಯ ಮೇಲೆ ಹಾಕುವ ತೆರಿಗೆಗೆ ಮಾತ್ರ ಆ ಸಹಿ ತಟ್ಟುವುದಿಲ್ಲ. ಅಗ್ಗವಾದೀತು ಅಂತ ಯಾರಿಗಾದರೂ ಮಾತು ಕೊಟ್ಟಿದ್ದರೆ ಈಗಲೇ ವಾಪಸ್ ತೆಗೆದುಕೊಳ್ಳಿ.