ಅಳಿಸಿದ ಸಾಲನ್ನು ಮತ್ತೆ ಅಳಿಸಲು ಹೊರಟಾಗ

ಪ್ರಶ್ನೆ: ನಮ್ಮ ಡಾಟ್‌ನೆಟ್ ತಂತ್ರಾಂಶದಲ್ಲಿ ಬಿಲ್ಲುಗಳಿಗೆ ಒಂದು ಟೇಬಲ್, ಬಿಲ್ಲಿನ ಬಾಬ್ತುಗಳಿಗೆ ಇನ್ನೊಂದು. ಒಂದು ಬಿಲ್ಲನ್ನು ಅಳಿಸಿ, ಬಿಲ್ಲಿನ ಡೇಟಾ ಅಡಾಪ್ಟರ್‌ನ (ಮೆಮೊರಿಯಲ್ಲಿ ಮಾಡಿದ ಬದಲಾವಣೆಗಳನ್ನು ಡೇಟಾಬೇಸ್‌ಗೆ ಒಯ್ಯುವ ಭಾಗ) ಅಪ್‌ಡೇಟ್ ಕರೆದು, ಆಮೇಲೆ ಬಾಬ್ತುಗಳದ್ದನ್ನು ಕರೆಯುತ್ತೇನೆ. ಎರಡನೆಯದು ‘ಒಂದು ಸಾಲು ಅಳಿಯಬೇಕಿತ್ತು, ಸೊನ್ನೆ ಅಳಿಯಿತು’ ಎಂಬ ದೋಷ ಕೊಡುತ್ತದೆ. ಡೇಟಾಬೇಸ್ ತೆರೆದು ನೋಡಿದರೆ ಎಲ್ಲವೂ ಅಳಿದಿದೆ! ಸ್ವತಃ ತನ್ನನ್ನೇ ಸೂಚಿಸುವ, ಅಂದರೆ ಒಂದು ವಿಭಾಗದ ಸಾಲು ಅದೇ ಟೇಬಲ್‌ನ ಮೇಲಿನ ವಿಭಾಗದ ಸಾಲನ್ನು ತೋರಿಸುವ, ವಿಭಾಗಗಳ ಟೇಬಲ್‌ನಲ್ಲೂ ಅಳಿಸುವಾಗ ತೊಂದರೆಯಾಗುತ್ತಿದೆ.

ಉತ್ತರ: ಒಂದೇ ಕೆಲಸವನ್ನು ಇಬ್ಬರು ಮಾಡುತ್ತಿದ್ದಾರೆ. ಬಾಬ್ತನ್ನು ಅದರ ಬಿಲ್ಲಿಗೆ ಕಟ್ಟಿಹಾಕುವ ನಿಮ್ಮ ಫಾರಿನ್ ಕೀಗೆ ‘ಆನ್ ಡಿಲೀಟ್ ಕ್ಯಾಸ್ಕೇಡ್’ (ಮೇಲಿನ ಸಾಲು ಅಳಿದರೆ ಕೆಳಗಿನವೂ ಅಳಿಯಲಿ ಎಂಬ ನಿಯಮ) ಇದೆಯೆಂದು ಕಾಣುತ್ತದೆ. ಬಿಲ್ಲು ಹೋದ ಕ್ಷಣವೇ ಸರ್ವರ್ ಅದರ ಬಾಬ್ತುಗಳನ್ನೂ ತೆಗೆದುಹಾಕಿದೆ. ಇತ್ತ ಮೆಮೊರಿಯಲ್ಲಿ ಟೇಬಲ್‌ಗಳ ನಕಲು ಇಟ್ಟುಕೊಂಡಿರುವ ಡೇಟಾಸೆಟ್‌ಗೂ ಅದೇ ಬುದ್ಧಿ. ಕೋಡ್‌ನಲ್ಲಿ ಎರಡು ಟೇಬಲ್‌ಗಳನ್ನು ಬೆಸೆಯುವ ಡೇಟಾ ರಿಲೇಷನ್ ಸೇರಿಸಿದಾಗ ಜೊತೆಗೇ ಹುಟ್ಟುವ ನಿರ್ಬಂಧದ ‘ಡಿಲೀಟ್ ರೂಲ್’, ನೀವು ಬದಲಿಸದಿದ್ದರೆ, ಕ್ಯಾಸ್ಕೇಡ್ ಆಗಿಯೇ ಇರುತ್ತದೆ. ಹಾಗಾಗಿ ಬಾಬ್ತುಗಳ ಮೇಲೂ ‘ಅಳಿಸಬೇಕು’ ಎಂಬ ಗುರುತು ಬಿದ್ದಿದೆ. ಅಡಾಪ್ಟರ್ ಗುರುತಿರುವ ಪ್ರತಿ ಸಾಲಿಗೂ ಡಿಲೀಟ್ ಆಜ್ಞೆ ಕಳಿಸುತ್ತದೆ. ಅಲ್ಲಿ ಸಾಲೇ ಇಲ್ಲ. ನಡುವೆ ಬೇರೆ ಯಾರೋ ಕೈಯಾಡಿಸಿದ್ದಾರೆಂದು ತಿಳಿದು ಕನ್‌ಕರೆನ್ಸಿ (ಏಕಕಾಲದ ಬಳಕೆಯ) ದೋಷವೆಂದು ನಿಂತುಬಿಡುತ್ತದೆ.

ಕ್ರಮ ಬದಲಿಸಿ. ಬಾಬ್ತುಗಳ ಟೇಬಲ್‌ನಿಂದ ಅಳಿಸಿದ ಸಾಲುಗಳನ್ನಷ್ಟೇ ಆರಿಸಿ ಮೊದಲು ಕಳಿಸಿ, ಆಮೇಲೆ ಬಿಲ್ಲಿನ ಎಲ್ಲ ಬದಲಾವಣೆ, ಕೊನೆಗೆ ಬಾಬ್ತುಗಳ ಸೇರ್ಪಡೆ ಮತ್ತು ತಿದ್ದುಪಡಿ. ದೋಷವನ್ನು ಹಿಡಿದು ಸುಮ್ಮನೆ ನುಂಗಿಬಿಡುವ ಕೋಡನ್ನು ಮಾತ್ರ ದಯವಿಟ್ಟು ಬರೆಯಬೇಡಿ. ನಿಜವಾಗಿಯೂ ಇನ್ನೊಬ್ಬರು ಅದೇ ಸಾಲನ್ನು ತಿದ್ದಿದ ದಿನ ನಿಮಗೆ ಸುಳಿವೇ ಸಿಗುವುದಿಲ್ಲ.

ವಿಭಾಗಗಳ ಟೇಬಲ್ ಇನ್ನೂ ಸೂಕ್ಷ್ಮ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ತನ್ನನ್ನೇ ಸೂಚಿಸುವ ಫಾರಿನ್ ಕೀಗೆ ಕ್ಯಾಸ್ಕೇಡ್ ಹಾಕಲು ಹೋದರೆ 1785ನೇ ದೋಷ ಬರುತ್ತದೆ, ಆದ್ದರಿಂದ ಕ್ರಮದ ಹೊಣೆ ಪೂರ್ತಿ ನಿಮ್ಮದೇ. 1ನೇ ಸಂಖ್ಯೆಯ ವಿಭಾಗದ ಕೆಳಗೆ 4, 4ರ ಕೆಳಗೆ 9 ಇದೆ ಎನ್ನೋಣ. ಅಡಾಪ್ಟರ್ ಟೇಬಲ್‌ನಲ್ಲಿ ಸಾಲುಗಳು ಇರುವ ಕ್ರಮದಲ್ಲೇ ಹೋಗುತ್ತದೆ. ಮೊದಲು 1ನ್ನು ಅಳಿಸಲು ನೋಡುತ್ತದೆ, 4 ಇನ್ನೂ ಅದನ್ನೇ ಹಿಡಿದುಕೊಂಡಿರುವುದರಿಂದ ಸರ್ವರ್ ಒಪ್ಪುವುದಿಲ್ಲ. ಬೇಕಾದದ್ದು 9, 4, 1.

ನಾನೂ ಒಮ್ಮೆ ಸಂಖ್ಯೆಯ ಇಳಿಕೆ ಕ್ರಮದಲ್ಲಿ ಜೋಡಿಸಿ ಕೆಲಸ ಮುಗಿಯಿತೆಂದುಕೊಂಡಿದ್ದೆ. ತಿಂಗಳುಗಟ್ಟಲೆ ಸರಿಯಾಗಿಯೇ ನಡೆಯಿತು. ಒಂದು ದಿನ ಯಾರೋ ಹಳೆಯ ವಿಭಾಗವೊಂದನ್ನು ಹೊಸದರ ಕೆಳಗೆ ಸರಿಸಿದರು. 9ರ ಕೆಳಗೆ 4 ಬಂದಂತೆ. ಅಂದು ಸಂಜೆಯೇ ಅಳಿಸುವಿಕೆ ಮುರಿದುಬಿತ್ತು. ಅಂದಿನಿಂದ ಸಂಖ್ಯೆಯನ್ನು ನಂಬುವುದಿಲ್ಲ. ಪ್ರತಿ ಸಾಲು ಮೇಲಿನಿಂದ ಎಷ್ಟನೇ ಮೆಟ್ಟಿಲಲ್ಲಿದೆ ಎಂದು ಎಣಿಸಿ, ಆಳದ್ದನ್ನು ಮೊದಲಿಟ್ಟು, ಆ ಸಾಲುಗಳ ಅರೇಯನ್ನು (ಪಟ್ಟಿಯನ್ನು) ಅಪ್‌ಡೇಟ್‌ಗೆ ಕೊಡುತ್ತೇನೆ. ಎಣಿಕೆಯನ್ನು ಅಳಿಸುವ ಮುಂಚೆಯೇ ಮಾಡಿ. ಗುರುತು ಬಿದ್ದ ಮೇಲೆ ಸಾಲಿನ ಮೌಲ್ಯ ಓದಬೇಕಾದರೆ ಅಳಿಸುವ ಮುಂಚಿನ ‘ಒರಿಜಿನಲ್’ ಆವೃತ್ತಿಯನ್ನೇ ಕೇಳಬೇಕಾಗುತ್ತದೆ.

ಇಷ್ಟನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು ಎಂಬ ಕಟ್ಟು) ಸುತ್ತಿಡಿ. ಜೊತೆಗೆ ‘ಅಕ್ಸೆಪ್ಟ್‌ಚೇಂಜಸ್‌ಡ್ಯೂರಿಂಗ್‌ಅಪ್‌ಡೇಟ್’ ಗುಣವನ್ನು ಫಾಲ್ಸ್ ಮಾಡಿ. ಇಲ್ಲದಿದ್ದರೆ ಸಾಲು ಯಶಸ್ವಿಯಾದಂತೆಲ್ಲ ಅಡಾಪ್ಟರ್ ಅದನ್ನು ಮೆಮೊರಿಯಿಂದಲೂ ಕಿತ್ತುಹಾಕುತ್ತದೆ. ನಡುವೆ ದೋಷ ಬಂದು ಸರ್ವರ್ ಟ್ರಾನ್ಸಾಕ್ಷನ್ ಅನ್ನು ರದ್ದುಮಾಡಿದರೆ, ಡೇಟಾಬೇಸ್‌ನಲ್ಲಿ ವಿಭಾಗಗಳು ಇರುತ್ತವೆ, ನಿಮ್ಮ ಪರದೆಯಲ್ಲಿ ಇರುವುದಿಲ್ಲ. ಟ್ರಾನ್ಸಾಕ್ಷನ್ ಕಮಿಟ್ (ಖಾಯಂ) ಆದ ಬಳಿಕ ‘ಅಕ್ಸೆಪ್ಟ್‌ಚೇಂಜಸ್’ ಅನ್ನು ನೀವೇ ಕರೆಯಿರಿ.