ಕೊಲ್ಯಾಬರೇಟ್ ಎಲ್ಲಿ, ಕೋಆಪರೇಟ್ ಎಲ್ಲಿ?

ಪ್ರಶ್ನೆ: ಉದ್ಯೋಗದ ಅರ್ಜಿಯಲ್ಲಿ ‘ಐ ಕೊಲ್ಯಾಬರೇಟೆಡ್ ಟು ಮೈ ಮ್ಯಾನೇಜರ್’ ಎಂದು ಬರೆದಿದ್ದೆ. ಗೆಳೆಯರು ತಪ್ಪು ಎನ್ನುತ್ತಾರೆ. ‘ಕೋಆಪರೇಟೆಡ್’ ಎಂದರೆ ಸರಿಹೋಗುತ್ತದೆಯೇ? ಎರಡಕ್ಕೂ ‘ಸಹಕರಿಸು’ ಎಂದೇ ಅರ್ಥವಲ್ಲವೇ?

ಉತ್ತರ: ಮೊದಲು ಆ ‘ಟು’ ತೆಗೆಯಿರಿ. ಕನ್ನಡದಲ್ಲಿ ‘ಮ್ಯಾನೇಜರಿಗೆ ಸಹಕರಿಸಿದೆ’ ಎಂದು ಚತುರ್ಥಿ ವಿಭಕ್ತಿ ಬರುತ್ತದೆ; ಆ ‘ಗೆ’ಯೇ ಇಂಗ್ಲಿಷಿಗೆ ಹೋಗಿ ‘ಟು’ ಆಗಿದೆ. ಇಂಗ್ಲಿಷಿನಲ್ಲಿ ವ್ಯಕ್ತಿಯ ಹಿಂದೆ ‘ವಿತ್’, ಕೂಡಿ ಮಾಡಿದ ಕೆಲಸದ ಹಿಂದೆ ‘ಆನ್’ ಬರಬೇಕು: ‘ಐ ಕೊಲ್ಯಾಬರೇಟೆಡ್ ವಿತ್ ದ ಡಿಸೈನ್ ಟೀಮ್ ಆನ್ ಎ ಬಿಲ್ಲಿಂಗ್ ಆ್ಯಪ್’. ‘ಟು’ ಸರಿಯಾಗುವುದು ಅದರ ಮುಂದೆ ಕ್ರಿಯಾಪದವಿದ್ದು ಉದ್ದೇಶ ಹೇಳುವಾಗ ಮಾತ್ರ: ‘ಕೊಲ್ಯಾಬರೇಟೆಡ್ ಟು ಬಿಲ್ಡ್ ಆ್ಯನ್ ಆ್ಯಪ್’. ಇದು ಅಕರ್ಮಕ ಕ್ರಿಯಾಪದ. ಆದ್ದರಿಂದ ‘ವಿ ಕೊಲ್ಯಾಬರೇಟೆಡ್ ದ ಪ್ರಾಜೆಕ್ಟ್’ ಎಂದು ನೇರ ಕರ್ಮ ಇಡಲಾಗದು. ‘ಕೊಲ್ಯಾಬರೇಟ್ ಟುಗೆದರ್’ ಎನ್ನುವುದೂ ಬೇಡ. ‘ಕೂಡಿ’ ಎಂಬುದು ಪದದೊಳಗೇ ಇದೆ.

ಇನ್ನು ಅರ್ಥ. ಲ್ಯಾಟಿನ್ ಮೂಲ ಹುಡುಕಿದರೆ ಎರಡೂ ಪದಗಳಿಗೆ ‘ಜೊತೆಯಾಗಿ ದುಡಿ’ ಎಂದೇ ಸಿಗುತ್ತದೆ. ವ್ಯತ್ಯಾಸವಿರುವುದು ಬಳಕೆಯಲ್ಲಿ. ಕೆಲಸ ಮುಗಿದ ಮೇಲೆ ಅದರ ಕರ್ತೃಗಳೆಂದು ಎಲ್ಲರ ಹೆಸರನ್ನೂ ಹಾಕಬಹುದೇ ಎಂದು ಕೇಳಿಕೊಳ್ಳಿ. ಹಾಕಬಹುದಾದರೆ ಕೊಲ್ಯಾಬರೇಟ್. ಸಂಖ್ಯಾ ವಿಭಜನೆಯ ಬಗ್ಗೆ ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ಇಬ್ಬರೂ ಕರ್ತೃಗಳು. ಅಲ್ಲಿ ಬೇರೆ ಪದ ಹೊಂದುವುದೇ ಇಲ್ಲ. ಕೋಆಪರೇಟ್‌ಗೆ ಇಷ್ಟು ಬೇಕಾಗಿಲ್ಲ. ಕೆಲಸ ಇನ್ನೊಬ್ಬರದು, ನಾವು ಹೇಳಿದ್ದು ಮಾಡಿದೆವು, ಇಲ್ಲವೇ ಅಡ್ಡಿಪಡಿಸಲಿಲ್ಲ ಎಂದರೂ ಸಾಕು. ಪೊಲೀಸ್ ತನಿಖೆಗೆ ಸಹಕರಿಸುವುದು, ‘ರಸ್ತೆ ಕಾಮಗಾರಿ ನಡೆದಿದೆ, ದಯವಿಟ್ಟು ಸಹಕರಿಸಿ’ ಎಂಬ ಫಲಕ, ಎರಡೂ ಕೋಆಪರೇಟ್. ಹೀಗಾಗಿ ಅರ್ಜಿಯಲ್ಲಿ ‘ಕೋಆಪರೇಟೆಡ್ ವಿತ್ ಮೈ ಮ್ಯಾನೇಜರ್’ ಎಂದರೆ ‘ಹೇಳಿದ ಮಾತು ಕೇಳಿದೆ’ ಎಂಬಷ್ಟೇ ಧ್ವನಿ. ಇಬ್ಬರೂ ಸೇರಿ ಏನನ್ನು ತಯಾರಿಸಿದಿರಿ ಎಂದು ಬರೆದು ಕೊಲ್ಯಾಬರೇಟ್ ಬಳಸಿ. ಹಾಗೆ ತಯಾರಿಸಿದ್ದು ಏನೂ ಇಲ್ಲದಿದ್ದರೆ ‘ಅಸಿಸ್ಟೆಡ್’ ಪ್ರಾಮಾಣಿಕ ಪದ, ಅದಕ್ಕೆ ‘ವಿತ್’ ಇಲ್ಲದೆ ನೇರವಾಗಿ ವ್ಯಕ್ತಿಯ ಹೆಸರು ಬರುತ್ತದೆ.

ಸಂಸ್ಥೆಗಳ ವಿಷಯದಲ್ಲಿ ಪದಗಳು ಗಟ್ಟಿಯಾಗಿ ನಿಂತುಬಿಟ್ಟಿವೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಆರಂಭವಾದಂಥ ಸಹಕಾರ ಸಂಘಗಳಿಗೆ ಕೋಆಪರೇಟಿವ್ ಸೊಸೈಟಿ ಎಂದೇ ಹೆಸರು. ಆಮಂತ್ರಣ ಪತ್ರಿಕೆಗಳ ‘ಸಹಯೋಗದಲ್ಲಿ’ ಮಾತ್ರ ತೊಡಕಿನದು. ಎರಡು ಸಂಸ್ಥೆಗಳು ಕೂತು ಕಾರ್ಯಕ್ರಮ ರೂಪಿಸಿದ್ದರೆ ‘ಇನ್ ಕೊಲ್ಯಾಬರೇಷನ್ ವಿತ್’. ಒಂದು ಸಂಸ್ಥೆ ಸಭಾಂಗಣವನ್ನೋ ಹೆಸರನ್ನೋ ಮಾತ್ರ ಕೊಟ್ಟಿದ್ದರೆ ‘ಇನ್ ಅಸೋಸಿಯೇಷನ್ ವಿತ್’ ಸಾಕು.

ಪ್ರಶ್ನೆ: ಎರಡನೇ ಮಹಾಯುದ್ಧದ ಬಗೆಗಿನ ಬರಹಗಳಲ್ಲಿ ‘ಕೊಲ್ಯಾಬರೇಟರ್’ ಬೈಗುಳದಂತೆ ಕಾಣುತ್ತದೆ. ಏಕೆ?

ಉತ್ತರ: 1940ರಲ್ಲಿ ಜರ್ಮನಿಗೆ ಸೋತ ಫ್ರಾನ್ಸಿನಲ್ಲಿ ವಿಶಿ ಎಂಬ ಊರಿನಿಂದ ಆಳುತ್ತಿದ್ದ ಸರ್ಕಾರದ ಮುಖ್ಯಸ್ಥ ಪೆಟಾಂ, ಅದೇ ಅಕ್ಟೋಬರಿನಲ್ಲಿ ಹಿಟ್ಲರನನ್ನು ಭೇಟಿಯಾದ ಬಳಿಕ ರೇಡಿಯೊ ಭಾಷಣದಲ್ಲಿ ತನ್ನ ನೀತಿಗೆ ಈ ಪದದ ಫ್ರೆಂಚ್ ರೂಪವನ್ನೇ ಬಳಸಿದ. ಅಂದಿನಿಂದ ಆಕ್ರಮಿಸಿದ ಶತ್ರುವಿನ ಜೊತೆ ಕೈಜೋಡಿಸಿದವನು ಎಂಬ ಅರ್ಥ ಇದಕ್ಕೆ ಅಂಟಿಕೊಂಡಿತು. ಅಂಥ ಕಡೆ ಕನ್ನಡದಲ್ಲಿ ‘ಸಹಯೋಗಿ’ ಎಂದರೆ ಓದುಗರು ದಾರಿ ತಪ್ಪುತ್ತಾರೆ. ‘ಶತ್ರುವಿನೊಂದಿಗೆ ಶಾಮೀಲಾದವನು’ ಎಂದೇ ಬರೆಯಿರಿ. ವಿಜ್ಞಾನ, ಸಂಗೀತ, ವ್ಯಾಪಾರದ ಮಾತಿನಲ್ಲಿ ಈ ಕಳಂಕ ಇಲ್ಲ.

ಪ್ರಶ್ನೆ: ‘ದ ವಿಟ್ನೆಸ್ ಕೊಲ್ಯಾಬರೇಟೆಡ್ ಹಿಸ್ ಸ್ಟೇಟ್ಮೆಂಟ್’ ಸರಿಯೇ?

ಉತ್ತರ: ಅಲ್ಲ, ಅಲ್ಲಿ ಬೇಕಾದದ್ದು ‘ಕೊರಾಬರೇಟೆಡ್’. ಸಾಕ್ಷಿ, ದಾಖಲೆ ಒಂದು ಹೇಳಿಕೆಯನ್ನು ಪುಷ್ಟೀಕರಿಸುವುದಕ್ಕೆ ಆ ಪದ. ಅದು ಸಕರ್ಮಕ, ‘ವಿತ್’ ಬೇಡ. ಉಚ್ಚಾರದಲ್ಲಿ ಎರಡಕ್ಕೂ ಒತ್ತು ಎರಡನೇ ಅಕ್ಷರದ ಮೇಲೆ, ಒಂದರಲ್ಲಿ ‘ಲ್ಯಾ’, ಇನ್ನೊಂದರಲ್ಲಿ ‘ರಾ’. ಮೊದಲ ಅಕ್ಷರ ಬಹುತೇಕ ‘ಕ’ ಎಂದಷ್ಟೇ ಕೇಳಬೇಕು. ಕಾಗುಣಿತದಲ್ಲಿ ಒಂದಕ್ಕೆ ಜೋಡಿ ‘ಎಲ್’, ಇನ್ನೊಂದಕ್ಕೆ ಜೋಡಿ ‘ಆರ್’. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಈ ತಪ್ಪನ್ನು ಬಹಳ ಸಲ ಹಿಡಿಯುವುದಿಲ್ಲ, ಏಕೆಂದರೆ ಎರಡೂ ನಿಜವಾದ ಪದಗಳೇ.